ಲಬಾನಿಗೆ ಯಾವ ಬಿಳಿ

ನಾನು ಏನು ಕೆಲಸ ಮಾಡುತ್ತೇನೆಂದು ಊರಿನವರಿಗೆ ವಿವರಿಸುವುದನ್ನು ಬಿಟ್ಟುಬಿಟ್ಟಿದ್ದೇನೆ. ಪ್ಲಾಸ್ಟಿಕ್ ಕಂಪನಿ ಎಂದ ಕೂಡಲೇ ಅವರ ಕಣ್ಣಿಗೆ ಬಕೆಟ್ಟು, ಕೊಡಪಾನ, ತಿಂಡಿ ಡಬ್ಬಿ ಬರುತ್ತವೆ. "ಬರುವಾಗ ಗಟ್ಟಿ ಮುಚ್ಚಳದ ಡಬ್ಬಿ ತಾ ಮಾರಾಯ್ತಿ, ನಿಮ್ಮದೇ ಕಂಪನಿ ಅಲ್ವಾ?" ಎಂದು ನನ್ನ ಅತ್ತಿಗೆ ಪ್ರತಿ ರಜೆಗೂ ಹೇಳುತ್ತಾಳೆ. ನಮ್ಮಲ್ಲಿ ಡಬ್ಬಿ ಆಗುವುದಿಲ್ಲ. ಗಟ್ಟಿ ಪ್ಲಾಸ್ಟಿಕ್ಕಿನ ಉದ್ದುದ್ದ ರಾಡುಗಳನ್ನು ಲೇತಿಗೆ ಕಟ್ಟಿ, ಕಬ್ಬಿಣವನ್ನು ಕಡೆಯುವ ಹಾಗೆಯೇ ಕಡೆದು, ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಿಲ್ಲದಂತೆ ಮೆಷಿನುಗಳ ಬಿಡಿಭಾಗ ಮಾಡುತ್ತಾರೆ. ವರ್ಕ್‌ಶಾಪು ಊರ ಹೊರಗೆ, ಇಂಡಸ್ಟ್ರಿಯಲ್ ಏರಿಯಾದಲ್ಲಿ. ಆಫೀಸು ಮಸ್ಕತ್ತಿನ ಅಲ್ ಖುವೈರಿನಲ್ಲಿ. ಅಲ್ಲಿ ಕೂತು, ಯಾವ ಭಾಗಕ್ಕೆ ಯಾವ ಪ್ಲಾಸ್ಟಿಕ್ ಎಂದು ಗಿರಾಕಿಗಳಿಗೆ ಹೇಳುವುದು ನನ್ನ ಕೆಲಸ.

ಕೇಳುವಾಗ ಸುಲಭ. ಆದರೆ ಈ ದರಿದ್ರ ಪ್ಲಾಸ್ಟಿಕ್ಕುಗಳೆಲ್ಲ ಬಿಳಿ! ನನ್ನ ಮೇಜಿನ ಡ್ರಾಯರಿನಲ್ಲಿ ಸ್ಯಾಂಪಲ್ ತುಂಡುಗಳಿವೆ, ಹೊಸಬರು ನೋಡಿದರೆ ಎಲ್ಲವೂ ಒಂದೇ ಅನ್ನುತ್ತಾರೆ. ನೈಲಾನ್ ನೀರು ಕುಡಿಯುತ್ತದೆ. ಎಸಿ ಕೋಣೆಯಲ್ಲಿ ಅಳೆದು ಸರಿಯಾಗಿ ಮಾಡಿದ ಬುಶ್ಶು, ಎಂದರೆ ಶಾಫ್ಟು ತಿರುಗುವ ಬಳೆ, ಮಸ್ಕತ್ತಿನ ಆಗಸ್ಟಿನ ತೇವಕ್ಕೆ ಊದಿಕೊಂಡು ಮೆಷಿನಿನಲ್ಲಿ ಸಿಕ್ಕಿಬೀಳುತ್ತದೆ. ಟೆಫ್ಲಾನಿಗೆ ಯಾವ ಆಸಿಡ್ಡಿನ ಭಯವೂ ಇಲ್ಲ, ಆದರೆ ಮೆದು. ಭಾರ ಬಿದ್ದರೆ ಮೆಲ್ಲಗೆ ಚಪ್ಪಟೆಯಾಗುತ್ತದೆ. ಅಸಿಟಾಲ್ ಎನ್ನುವುದು ಗುಣವಂತ ವಸ್ತು. ಊದುವುದಿಲ್ಲ, ಆಕಾರ ಬಿಡುವುದಿಲ್ಲ, ಚೆನ್ನಾಗಿ ಜಾರುತ್ತದೆ. ಅದರಲ್ಲೇ ಎರಡು ಬಗೆ, ವರ್ಕ್‌ಶಾಪಿನ ಮಾತಿನಲ್ಲಿ ಎಚ್ ಮತ್ತು ಸಿ. ಎಚ್ ಒಂದು ಕೈ ಹೆಚ್ಚು ಗಟ್ಟಿ, ಸವೆಯುವುದು ಕಡಿಮೆ. ಸಿ ಒಂದು ಚೂರು ಮೆದು, ಆದರೆ ಬಿಸಿ ನೀರಿಗೂ ಮೆಷಿನು ತೊಳೆಯುವ ಸೋಡಾಖಾರಕ್ಕೂ ಜಗ್ಗುವುದಿಲ್ಲ. ಎಚ್ ಮಾತ್ರ ದಿನಾ ಬಿಸಿ ಸೋಡಾದಲ್ಲಿ ತೊಳೆದರೆ ಮೈ ಒರಟಾಗಿ, ಕ್ರಮೇಣ ಸುಣ್ಣದ ಹಾಗೆ ಪುಡಿ ಬಿಡುತ್ತದೆ. ನೋಡಲಿಕ್ಕೆ ಎರಡೂ ಅದೇ ಬಿಳಿ, ಹೆಚ್ಚುಕಡಿಮೆ ಅದೇ ತೂಕ, ಸುಟ್ಟರೆ ಮೂಗಿಗೆ ಬಡಿಯುವ ಅದೇ ಕಮಟು. ಅವಳಿ ಮಕ್ಕಳನ್ನು ಹೆತ್ತವಳು ಗುರುತಿಸಿಯಾಳು, ಇವನ್ನು ಬರಿಗಣ್ಣಿನಲ್ಲಿ ಖಚಿತವಾಗಿ ಗುರುತಿಸುವವರನ್ನು ನಾನಂತೂ ಕಂಡಿಲ್ಲ.

ಅದಕ್ಕೇ ನಮ್ಮಲ್ಲಿ ಒಂದು ರೂಢಿಯಿದೆ. ರಾಡು ಸ್ಟೋರಿಗೆ ಬಂದ ಕೂಡಲೇ ಒಂದು ತುದಿಗೆ ಬಣ್ಣ ಬಳಿಯುತ್ತಾರೆ. ಎಚ್‌ಗೆ ಕೆಂಪು, ಸಿಗೆ ನೀಲಿ. ಕತ್ತರಿಸುವುದು ಯಾವಾಗಲೂ ಬೋಳು ತುದಿಯಿಂದ. ಬಣ್ಣದ ತುದಿ ಕೊನೆಯ ತುಂಡಿನ ತನಕ ಉಳಿಯಬೇಕು. ಬಣ್ಣ ಹೋಯಿತೆಂದರೆ ಆ ರಾಡಿನ ಕಥೆ ಮುಗಿಯಿತು.

ಈಗ ನನ್ನ ಗಂಡನ ವಿಷಯ. ಅವರು ಮಸ್ಕತ್ತಿನಿಂದ ದೂರ, ಸುವೈಕ್ ಎಂಬ ಊರಿನ ಒಂದು ಲಬಾನ್ ಪ್ಲಾಂಟಿನಲ್ಲಿ ಮೇಂಟೆನೆನ್ಸ್ ನೋಡಿಕೊಳ್ಳುತ್ತಾರೆ. ಲಬಾನ್ ಎಂದರೆ ಇಲ್ಲಿಯವರ ಮಜ್ಜಿಗೆ, ನಮ್ಮದಕ್ಕಿಂತ ದಪ್ಪ. ವಾರವಿಡೀ ಅಲ್ಲೇ ಇರುತ್ತಾರೆ, ಗುರುವಾರ ಸಂಜೆ ಹಮ್ರಿಯಾದ ನಮ್ಮ ಫ್ಲ್ಯಾಟಿಗೆ ಬರುತ್ತಾರೆ. ಅದಕ್ಕೆ ಮೊದಲು ಅವರು ಇದ್ದ ಕಂಪನಿ ಬಾಗಿಲು ಹಾಕಿದಾಗ ಎಷ್ಟೋ ತಿಂಗಳು ಮನೆಯಲ್ಲೇ ಕೂತಿದ್ದರು. ಐವತ್ತು ದಾಟಿದವರಿಗೆ ಇಲ್ಲಿ ಯಾರು ಕರೆದು ಕೆಲಸ ಕೊಡುತ್ತಾರೆ? ಆ ತಿಂಗಳುಗಳಲ್ಲಿ ಅವರು ಒಂದು ದಿನವೂ ಎರಡನೇ ಸಲ ಅನ್ನ ಬಡಿಸಿಕೊಳ್ಳಲಿಲ್ಲ. "ಹಸಿವಿಲ್ಲ" ಎಂದು ತಟ್ಟೆ ತೊಳೆದಿಟ್ಟು ಬಾಲ್ಕನಿಗೆ ಹೋಗುತ್ತಿದ್ದರು. ನಾನು ಬೈದೆ, ಪುಸಲಾಯಿಸಿದೆ, ಅತ್ತೆ. ಏನೂ ಪ್ರಯೋಜನವಾಗಲಿಲ್ಲ. ಸುವೈಕಿನ ಕೆಲಸ ಸಿಕ್ಕಿದ ವಾರ ಮೀನು ಸಾರಿಗೆ ಮೂರು ಸಲ ಅನ್ನ ಹಾಕಿಸಿಕೊಂಡರು. ಆ ಕೆಲಸ ಹೋದರೆ ನನ್ನ ಮನೆಯಲ್ಲಿ ಏನಾಗುತ್ತದೆಂದು ನನಗೆ ಗೊತ್ತು.

ರಂಜಾನಿಗೆ ಇನ್ನೇನು ಹತ್ತಿರ ಎನ್ನುವಾಗ ಅವರ ಪ್ಲಾಂಟಿನಲ್ಲಿ ಬಾಟಲಿ ತುಂಬುವ ಮೆಷಿನಿನ ಪಿಸ್ಟನುಗಳು ಸವೆದು ಲಬಾನ್ ಸೋರತೊಡಗಿತು. ಹಳೇ ಮೆಷಿನು. ಅದನ್ನು ಮಾಡಿದ ಕಂಪನಿಯಿಂದ ತರಿಸಿದರೆ ಈದ್ ಕಳೆದ ಮೇಲೆ ಬರುವುದು. ಇಲ್ಲಿ ಇಫ್ತಾರಿಗೆ ಲಬಾನ್ ಇಲ್ಲದೆ ಆಗುವುದಿಲ್ಲ. ವರ್ಷದ ವ್ಯಾಪಾರ ಆ ಒಂದು ತಿಂಗಳಿನಲ್ಲಿ. ಇವರು ಹೋಗಿ ಅರಬಾಬ್ ಹತ್ತಿರ, ಎಂದರೆ ಧಣಿಯ ಹತ್ತಿರ, "ಮಸ್ಕತ್ತಿನಲ್ಲೇ ಮಾಡಿಸಬಹುದು, ನನ್ನ ಹೆಂಡತಿ ಕೆಲಸ ಮಾಡುವ ಕಂಪನಿ ಉಂಟು" ಎಂದು ಹೇಳಿ ಬಂದರು. ಅರಬಾಬ್ ಒಪ್ಪಿದರು. ಆದರೆ ಅವರ ಅಣ್ಣನ ಮಗ ಅಲ್ಲಿ ಮ್ಯಾನೇಜರ್. ಅವನು ಎಲ್ಲರೆದುರು, "ಆರ್ಡರ್ ಗಂಡನದು, ಮಾಲು ಹೆಂಡತಿಯದು. ಕಮಿಷನ್ ಯಾರಿಗೆ?" ಎಂದು ನಕ್ಕನಂತೆ. ಗಂಡ ಇದನ್ನು ನನಗೆ ಹೇಳುವಾಗ ತಾವೂ ನಕ್ಕರು. ನನಗೆ ನಗು ಬರಲಿಲ್ಲ. ಗಲ್ಫಿನಲ್ಲಿ ಒಬ್ಬನಿಗೆ ಕಮಿಷನ್ ತಿಂದವನೆಂಬ ಹೆಸರು ಬಂದರೆ ಅವನು ಎಲ್ಲಿ ಹೋದರೂ ಆ ಹೆಸರು ಮುಂಚೆಯೇ ಹೋಗಿ ಕೂತಿರುತ್ತದೆ.

"ನೀವು ಯಾಕೆ ನನ್ನ ಕಂಪನಿ ಹೆಸರು ಹೇಳ್ಲಿಕ್ಕೆ ಹೋದದ್ದು?" ಎಂದು ಹರಿಹಾಯ್ದೆ.

"ಮತ್ತೆ ಯಾರದ್ದು ಹೇಳ್ಬೇಕಿತ್ತು? ನಿನ್ನಷ್ಟು ಗೊತ್ತಿದ್ದವರು ಇನ್ನು ಯಾರು ಉಂಟು?"

ಅಂಥಾ ಮಾತಾಡಿದರೆ ನಾನು ಕರಗುತ್ತೇನೆಂದು ಅವರಿಗೆ ಗೊತ್ತು. ಕರಗಿದೆ ಕೂಡ.

ಆಮೇಲೆ ಶುರುವಾಯಿತು ನಮ್ಮ ಜಗಳ. ನಮ್ಮ ಮನೆಮಾತು ತುಳು. ಜಗಳಕ್ಕೆ ಮಾತ್ರ ನಾವು ಕನ್ನಡ ಬಳಸುವುದು, ತುಳುವಿನಲ್ಲಿ ಜಗಳವಾಡಿದರೆ ಅರ್ಧದಲ್ಲೇ ನಗು ಬಂದುಬಿಡುತ್ತದೆ. ಹಳೇ ಡ್ರಾಯಿಂಗಿನಲ್ಲಿ ಎಚ್ ಎಂದಿತ್ತು. ಇವರಿಗೆ ಎಚ್ ಆಗಬೇಕು. "ಮೆಷಿನ್ ಮಾಡಿದವನಿಗೆ ಗೊತ್ತಿಲ್ವಾ? ಅವನಿಗಿಂತ ನೀನು ದೊಡ್ಡವಳಾ?" ಸರಿ, ಮೊದಲು ಎಚ್ ಎಂದೇ ಆರ್ಡರ್ ಬರೆದೆ. ಮಾರನೇ ದಿನ ಮಾತಿಗೆ ಮಾತು ಬಂದು, ಮೆಷಿನು ಹೇಗೆ ತೊಳೆಯುತ್ತಾರೆಂದು ಕೇಳಿದೆ. ಸುವೈಕಿನ ಸೆಕೆಗೆ ಲಬಾನ್ ಬೇಗ ಹುಳಿಯಾಗುತ್ತದೆಂದು ಕುದಿಯುವಷ್ಟು ಬಿಸಿ ಸೋಡಾದಲ್ಲಿ ದಿನಾ ತೊಳೆಯುತ್ತಾರಂತೆ. ಮೆಷಿನು ಮಾಡಿದವನು ಉಗುರುಬೆಚ್ಚಗಿನ ನೀರು ಎಂದು ಬರೆದಿದ್ದನಂತೆ.

"ಅಯ್ಯೋ ದೇವರೇ, ಇದನ್ನು ಮೊದಲೇ ಹೇಳ್ಲಿಕ್ಕೆ ನಿಮಗೆ ಎಂತ ಧಾಡಿ? ಹಾಗಾದ್ರೆ ಎಚ್ ಆಗುವುದೇ ಇಲ್ಲ. ಸಿ ಆಗಬೇಕು. ಬಿಳಿ ಪಿಸ್ಟನು ಪುಡಿ ಬಿಟ್ಟರೆ ಬಿಳಿ ಲಬಾನಿನಲ್ಲಿ ಯಾರ ಕಣ್ಣಿಗೆ ಕಾಣ್ತದೆ?"

ಸರಿ, ಸಿ ಹಾಕಿಸು ಎಂದರು. ನಾನು ವರ್ಕ್‌ಶಾಪಿಗೆ ಫೋನ್ ಮಾಡಿ ಎಚ್ ಬೇಡ, ಸಿ ಹಾಕಿ ಎಂದು ಬದಲಾಯಿಸಿದೆ. ಪಿಸ್ಟನು ತಯಾರಾಯಿತು, ಅಳತೆ ಕೂತಿತು, ಗಂಡನೇ ತೆಗೆದುಕೊಂಡು ಹೋಗಿ ಜೋಡಿಸಿದರು. ಸೋರುವುದು ನಿಂತಿತು. ರಂಜಾನ್ ಶುರುವಾಯಿತು. "ನಿನ್ನ ಪಿಸ್ಟನ್ ಬೆಣ್ಣೆ ಹಾಗೆ ಹೋಗ್ತಾ ಉಂಟು" ಎಂದು ಫೋನಿನಲ್ಲಿ ಹೇಳಿದರು. ನಾನು ಆ ದಿನ ಹಿಗ್ಗಿ ಹೀರೇಕಾಯಿಯಾದೆ.

ಮೊದಲ ವಾರ ಕಳೆದಿರಬೇಕು. ರಂಜಾನಿನಲ್ಲಿ ಆಫೀಸು ಬೇಗ ಬಿಡುತ್ತದೆ. ಬೇರೊಂದು ಆರ್ಡರಿಗೆ ರಾಡು ಎಷ್ಟು ಉಳಿದಿದೆಯೆಂದು ನೋಡಲು ವರ್ಕ್‌ಶಾಪಿಗೆ ಹೋದೆ. ಅಸಿಟಾಲಿನ ಕಪಾಟಿನಲ್ಲಿ ಎರಡು ಅರ್ಧ ರಾಡುಗಳು ಪಕ್ಕಪಕ್ಕ ಮಲಗಿದ್ದವು. ಎರಡಕ್ಕೂ ಎರಡೂ ತುದಿ ಬೋಳು. ಕೆಂಪಿಲ್ಲ, ನೀಲಿಯಿಲ್ಲ.

ರಾಡುಗಳನ್ನು ತಿರುಗಿಸಿ ತಿರುಗಿಸಿ ನೋಡಿದೆ, ಬಣ್ಣದ ಒಂದು ಚುಕ್ಕಿಯಾದರೂ ಸಿಗಬಹುದೆಂದು ಉಗುರಿನಲ್ಲಿ ಕೆರೆದೆ. ಆಮೇಲೆ ಲೇತಿನ ಹತ್ತಿರ ಓಡಿದೆ. ನಮ್ಮ ಮೆಷಿನಿಸ್ಟ್ ಉಡುಪಿ ಕಡೆಯ ಕೊಂಕಣಿ ಕ್ರಿಶ್ಚಿಯನ್ನರು. ಶುದ್ಧ ಮನುಷ್ಯ, ಕೆಲಸಕ್ಕೆ ಕೈ ಹಾಕುವ ಮೊದಲು ಶಿಲುಬೆ ಗುರುತು ಹಾಕುವವರು.

"ಅಸಿಟಾಲಿನ ಬಣ್ಣ ಎಲ್ಲಿಗೆ ಹೋಯ್ತು?"

"ಅದಾ ಮೇಡಂ? ನಾನೇ ಕತ್ತರಿಸಿದ್ದು. ಹಾಲಿನ ಕೆಲಸ ಅಂದ್ರಲ್ಲ ನೀವು? ಜನ ಉಪವಾಸ ಬಿಡುವಾಗ ಕುಡಿಯುವಂಥದ್ದು. ಪೇಂಟಿನ ಪುಡಿ ಗರಗಸಕ್ಕೆ ಹತ್ತಬಾರದು ಅಂತ ಮೊದಲು ತುದಿ ತೆಗೆದು ಬಿಸಾಡಿದೆ."

"ಎರಡರದ್ದೂ?"

"ಮೊದಲು ಎಚ್ ಅಂದ್ರಿ, ಅದನ್ನು ತಂದು ತುದಿ ತೆಗೆದೆ. ಆಮೇಲೆ ಸಿ ಅಂದ್ರಿ, ಅದರದ್ದೂ ತೆಗೆದೆ. ಆ ಎಚ್ಚಿನಲ್ಲಿ ಬರ್ಕಾ ಕಡೆಯ ಗಿರಾಕಿಯ ಪಂಪಿನ ಬುಶ್ ಮಾಡಿದೆ. ಎರಡೂ ಒಟ್ಟಿಗೇ ಇತ್ತು ಗರಗಸದ ಹತ್ತಿರ."

"ಯಾವುದರಿಂದ ಯಾವುದು ಮಾಡಿದ್ರಿ ಅಂತ ಗ್ಯಾರಂಟಿ ಉಂಟಾ?"

ಅವರು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು. "ಸರಿಯಾಗಿಯೇ ಮಾಡಿರಬೇಕು ಮೇಡಂ" ಎಂದರು. ಆ 'ಇರಬೇಕು' ಕೇಳಿ ನನಗೆ ಕೂಗಾಡುವಷ್ಟು ಸಿಟ್ಟು ಬಂತು, ಆದರೆ ಕೂಗಾಡಲಿಕ್ಕೆ ಬಾಯೇ ಬರಲಿಲ್ಲ. ಹಾಲಿಗೆ ಮೈಲಿಗೆ ಆಗಬಾರದೆಂದು ಮಾಡಿದ ಕೆಲಸ ಅದು. ಅದನ್ನು ಹೇಗೆ ಬೈಯುವುದು? ಕಡೆದ ಸಿಪ್ಪೆಯನ್ನು ಹುಡುಕೋಣವೆಂದರೆ ಎಲ್ಲವನ್ನೂ ಗುಡಿಸಿ ಒಂದೇ ಗೋಣಿಯಲ್ಲಿ ತುಂಬಿ ಆಗಿತ್ತು. ಎರಡು ರಾಡುಗಳಲ್ಲಿ ಒಂದು ಎಚ್, ಒಂದು ಸಿ, ಅಷ್ಟು ಖಂಡಿತ. ಲಬಾನಿಗೆ ಹೋದದ್ದು ಯಾವುದು ಎಂದು ತಿಳಿಯಬೇಕಾದರೆ ಆ ಪಿಸ್ಟನಿನದೇ ಒಂದು ಚೂರು ಬೇಕು.

ನಮ್ಮ ಆಫೀಸಿನ ಮ್ಯಾನೇಜರಿಗೆ ಹೇಳಿದೆ. "ಕಂಪ್ಲೇಂಟ್ ಬಂದಿದೆಯಾ?" ಎಂದು ಕೇಳಿದರು. ಇಲ್ಲ ಎಂದೆ. "ಮತ್ತೆ?" ಎಂದು ಕಂಪ್ಯೂಟರಿನ ಕಡೆಗೆ ತಿರುಗಿದರು.

ಗಂಡನಿಗೆ ಫೋನ್ ಮಾಡಿದೆ. ಹಿಂದೆ ಬಾಟಲಿಗಳ ಸದ್ದು. ನಾನು ಹೇಳಿದ್ದನ್ನೆಲ್ಲ ಕೇಳಿ ಅವರು ದನಿ ತಗ್ಗಿಸಿ, "ಫೋನಲ್ಲಿ ಬೇಡ. ಗುರುವಾರ ಬರ್ತೇನಲ್ಲ" ಎಂದರು.

ಗುರುವಾರದ ತನಕ ನಾನು ಹೇಗಿದ್ದೆನೋ ದೇವರಿಗೇ ಗೊತ್ತು. ಅನ್ನ ಇಳಿಯಲಿಲ್ಲ. ಹಮ್ರಿಯಾದ ಅಂಗಡಿಗಳಲ್ಲಿ ಸಂಜೆ ಫ್ರಿಜ್ಜಿನ ಎದುರು ಜನ ಸಾಲು ನಿಂತು ಲಬಾನ್ ಬಾಟಲಿ ಎತ್ತುವುದನ್ನು ನೋಡುತ್ತಾ ನಿಲ್ಲುತ್ತಿದ್ದೆ. ಅದು ಸುವೈಕಿನದೇ ಆಗಬೇಕೆಂದೇನೂ ಇಲ್ಲ, ಎಷ್ಟೋ ಕಂಪನಿಗಳಿವೆ. ಆದರೂ ಒಬ್ಬ ಮುದುಕ ಎರಡು ಬಾಟಲಿ ತೆಗೆದುಕೊಂಡಾಗ, ಬೇಡ, ಇಡಿ ಎಂದು ಕಿರುಚಬೇಕೆನ್ನಿಸಿತು. ಇಷ್ಟು ಬೇಗ ಪುಡಿ ಬಿಡುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಎಷ್ಟು ಬೇಗ ಬಿಡುತ್ತದೆಂದು ನನಗೆ ನಿಜಕ್ಕೂ ಗೊತ್ತಿರಲಿಲ್ಲ.

ಗುರುವಾರ ಗಂಡ ಬಂದರು. ಕೈಯಲ್ಲಿ ಎಂದಿನ ಹಾಗೆ ಲಬಾನಿನ ಚೀಲ! ನನಗೆ ಪಿತ್ತ ನೆತ್ತಿಗೇರಿತು. ಕೋಣೆಯಲ್ಲಿ ಓದುತ್ತಿದ್ದ ನಮ್ಮ ಮಗಳು ಬಂದವಳೇ ಬಾಟಲಿ ತೆರೆದು ಗ್ಲಾಸಿಗೆ ಸುರಿದುಕೊಂಡಳು. ಅವಳು ತುಟಿಗೆ ಇಡುವ ಮೊದಲೇ ನಾನು ಕಸಿದುಕೊಂಡೆ, ಅರ್ಧ ನೆಲಕ್ಕೆ ಚೆಲ್ಲಿತು.

"ಅಮ್ಮಾ! ವಾಟ್ ಈಸ್ ರಾಂಗ್ ವಿತ್ ಯೂ?"

"ಒಳಗೆ ಹೋಗಿ ಓದು ಹೋಗು."

ಅವಳು ಬಾಗಿಲು ದಡಾರನೆ ಹಾಕಿಕೊಂಡಳು. ಗಂಡ ನೆಲ ಒರೆಸಲು ಬಟ್ಟೆ ತಂದರು. ಒರೆಸುತ್ತಲೇ ಹೇಳಿದರು, "ನಾನು ಎಲ್ಲಾ ಯೋಚನೆ ಮಾಡಿದ್ದೇನೆ. ಶನಿವಾರ ಹೋಗ್ತೇನಲ್ಲ, ಮೆಷಿನ್ ತೊಳೆಯುವ ಹೊತ್ತಿಗೆ ಪಿಸ್ಟನಿನ ಹಿಂಬದಿಯಿಂದ ಬ್ಲೇಡಿನಲ್ಲಿ ಒಂದು ಚೂರು ತೆಗೀತೇನೆ. ಯಾರಿಗೂ ಗೊತ್ತಾಗುದಿಲ್ಲ. ನೀನು ಟೆಸ್ಟ್ ಮಾಡು. ಸರಿಯಿದ್ರೆ ಆಯ್ತಲ್ಲ?"

"ಸರಿಯಿಲ್ಲದಿದ್ರೆ?"

"ಸರಿಯಿಲ್ಲದಿದ್ರೆ ಹೊಸದು ಮಾಡಿಸಿ ಮೆಲ್ಲ ಬದಲಾಯಿಸುದು."

"ಮೆಲ್ಲ! ಆ ಮ್ಯಾನೇಜರ್ ನಿಮ್ಮನ್ನು ಬ್ಲೇಡ್ ಹಿಡಿದು ಪಿಸ್ಟನ್ ಕೆರೆಯುವಾಗ ನೋಡಿದ್ರೆ? ಹೆಂಡತಿ ಕಂಪನಿಯ ಮಾಲು, ಗಂಡ ಗುಟ್ಟಿನಲ್ಲಿ ಬದಲಾಯಿಸ್ತಾ ಇದ್ದಾನೆ ಅಂದ್ರೆ ಊರಿಗೆಲ್ಲ ಎಂತ ಅರ್ಥ ಆಗ್ತದೆ? ಅಷ್ಟು ದಿನ ಜನ ಕುಡಿಯುವುದು ಎಂತದ್ದು?"

ಅವರು ಬಟ್ಟೆ ಹಿಂಡಿದರು. "ಹೇಳಿದ್ರೆ ನನ್ನ ಕೆಲಸ ಹೋಗ್ತದೆ" ಎಂದರು. ಸಿಟ್ಟಿನಲ್ಲಿ ಹೇಳಲಿಲ್ಲ. ಅನ್ನ ಬೇಡ ಎನ್ನುವಾಗಿನ ಅದೇ ದನಿಯಲ್ಲಿ ಹೇಳಿದರು. ನನಗೆ ಅವರನ್ನು ಅಪ್ಪಿಕೊಳ್ಳಬೇಕೆನ್ನಿಸಿತು. ಅದೇ ಹೊತ್ತಿಗೆ, ಹಮ್ರಿಯಾದ ಅಂಗಡಿಯಲ್ಲಿ ಕಂಡ ಆ ಮುದುಕನೂ ಕಣ್ಣ ಮುಂದೆ ಬಂದ.

ಶುಕ್ರವಾರವಿಡೀ ನಾವು ಮಾತಾಡಲಿಲ್ಲ. ಕನ್ನಡವೂ ಇಲ್ಲ, ತುಳುವೂ ಇಲ್ಲ. ಶನಿವಾರ ಬೆಳಿಗ್ಗೆ ಅವರು ಕಾರಿನ ಕೀ ತೆಗೆದುಕೊಳ್ಳುವಾಗ ನಾನೂ ಚೂಡಿದಾರ ಹಾಕಿ ಬ್ಯಾಗು ಹಿಡಿದು ಬಾಗಿಲಲ್ಲಿ ನಿಂತೆ. ಬ್ಯಾಗಿನಲ್ಲಿ ಗುರುವಾರವೇ ಸ್ಟೋರಿನಿಂದ ತಂದ ಎರಡು ಬಿಲ್ಲೆಗಳಿದ್ದವು. ಹೊಸ ರಾಡುಗಳ ಬಣ್ಣದ ತುದಿಯಿಂದಲೇ ಕತ್ತರಿಸಿದ್ದು, ಒಂದು ಕೆಂಪು, ಒಂದು ನೀಲಿ. ಕತ್ತರಿಸಿದ ತುದಿಗಳಿಗೆ ನನ್ನ ಕಣ್ಣೆದುರೇ ಮತ್ತೆ ಬಣ್ಣ ಬಳಿಸಿದ್ದೆ. ಅವರು ಬೇಡ ಅನ್ನಲಿಲ್ಲ. ಸುವೈಕಿಗೆ ಹೋಗುವ ಬಾತಿನಾ ರಸ್ತೆಯುದ್ದಕ್ಕೂ ಪ್ರತಿ ವೃತ್ತದಲ್ಲಿ, ಈಗ ಕಾರು ತಿರುಗಿಸುತ್ತಾರೆ, ಈಗ ತಿರುಗಿಸುತ್ತಾರೆ ಎಂದು ಕಾದೆ. ತಿರುಗಿಸಿದ್ದರೆ ನನಗೆ ಖುಷಿಯೇ ಆಗುತ್ತಿತ್ತೇನೋ. ಸುವೈಕಿನ ಮಾರ್ಕೆಟು ದಾಟಿ ಪ್ಲಾಂಟಿನ ಗೇಟಿನೊಳಗೆ ಕಾರು ಹೋಗಿ ನಿಂತಿತು.

ಅರಬಾಬ್ ವಯಸ್ಸಾದವರು, ಕೋಲು ಹಿಡಿದು ನಡೆಯುತ್ತಾರೆ. ಅವರ ಹಿಂದಿ ನನ್ನದಕ್ಕಿಂತ ಚೆನ್ನಾಗಿದೆ. ಗಂಡ ನನ್ನನ್ನು ಪರಿಚಯಿಸಿದರು, ಆಮೇಲೆ ನಾನು ಬಾಯಿ ತೆರೆಯುವ ಮೊದಲೇ ಅವರೇ ಹೇಳಿಬಿಟ್ಟರು: ಪಿಸ್ಟನು ತಪ್ಪು ಪ್ಲಾಸ್ಟಿಕ್ಕಿನಲ್ಲಿ ಆಗಿರಬಹುದು, ಖಂಡಿತವಾಗಿ ಗೊತ್ತಿಲ್ಲ, ಒಂದು ಚೂರು ತೆಗೆದು ನೋಡಬೇಕು. ಇದನ್ನು ಅವರ ಬಾಯಿಂದ ಕೇಳುತ್ತೇನೆಂದು ನಾನು ಎಣಿಸಿರಲಿಲ್ಲ. ಮ್ಯಾನೇಜರ್ ಅಲ್ಲೇ ನಿಂತಿದ್ದ. ಅರಬ್ಬಿಯಲ್ಲಿ ಚಿಕ್ಕಪ್ಪನಿಗೆ ಏನೋ ಬಡಬಡ ಹೇಳಿದ. ನನಗೆ ತಿಳಿದದ್ದು ಹೆಂಗಸು ಎನ್ನುವುದಕ್ಕೆ ಇರುವ ಶಬ್ದ ಮತ್ತು ಕೊನೆಯ ಖಲಾಸ್. ಮುಗಿಯಿತು, ಸಾಕು ಎಂದರ್ಥ. ಅರಬಾಬ್ ಕೈಯೆತ್ತಿ ಅವನನ್ನು ನಿಲ್ಲಿಸಿ, "ಮೆಷಿನ್ ನಿಲ್ಲಿಸಿ" ಎಂದರು.

ಗಂಡ ಒಂದು ಪಿಸ್ಟನು ಬಿಚ್ಚಿ ತಂದರು. ಮೈ ಇನ್ನೂ ನುಣುಪಾಗಿಯೇ ಇತ್ತು, ಪುಡಿಯೇನೂ ಕೈಗೆ ಹತ್ತಲಿಲ್ಲ. ಆದರೆ ಬಿಸಿ ಸೋಡಾ ಬಡಿಯುವ ಅಂಚಿನಲ್ಲಿ ಹೊಳಪು ಕಡಿಮೆಯಾಗಿದೆಯೋ ಇಲ್ಲವೋ ಎಂಬಂತೆ ಕಂಡಿತು. ಇದೆ ಎಂದರೆ ಇದೆ, ಇಲ್ಲವೆಂದರೆ ಇಲ್ಲ. ಮೇಂಟೆನೆನ್ಸ್ ಕೋಣೆಯಲ್ಲಿ ಬೇರಿಂಗ್ ಬಿಸಿ ಮಾಡುವ ಕರೆಂಟಿನ ತಟ್ಟೆಯಿತ್ತು. ಬಾಗಿಲು ತೆರೆದಿಟ್ಟು ಫ್ಯಾನ್ ಹಾಕಿಸಿದೆ. ಕೊತ್ತಂಬರಿ ಕಾಳಿನಷ್ಟು ಮೂರು ಚೂರುಗಳನ್ನು ತಟ್ಟೆಯ ಮೇಲೆ ಸಾಲಾಗಿಟ್ಟೆ. ಎಡಕ್ಕೆ ನೀಲಿ ಬಿಲ್ಲೆಯ ಸಿ, ಬಲಕ್ಕೆ ಕೆಂಪು ಬಿಲ್ಲೆಯ ಎಚ್, ನಡುವೆ ಪಿಸ್ಟನಿನದು.

"ಎರಡರಲ್ಲಿ ಸಿ ಬೇಗ ಕರಗುತ್ತದೆ, ಎಚ್ ಸ್ವಲ್ಪ ತಡ" ಎಂದು ಅರಬಾಬಿಗೆ ವಿವರಿಸಿದೆ. "ನಡುವಿನದು ಎಡದ್ದರ ಜೊತೆ ಕರಗಿದರೆ ಸರಿಯಾದ ಪಿಸ್ಟನು. ಬಲದ್ದರ ಜೊತೆ ಕರಗಿದರೆ ತಪ್ಪಿನದು."

ಬಿಸಿಯನ್ನು ಮೆಲ್ಲ ಮೆಲ್ಲ ಏರಿಸಿದೆ. ಮೂರೂ ಚೂರುಗಳು ಹಾಗೆಯೇ ಕೂತಿದ್ದವು. ಆಮೇಲೆ ಎಡದ್ದರ ಅಂಚು ಪಾರದರ್ಶಕವಾಯಿತು, ಮೂಲೆಗಳು ಕುಸಿದವು, ಅದು ಹನಿಯ ಹಾಗೆ ಹರಡಿಕೊಂಡಿತು. ನಡುವಿನದು ಕರಗಲಿಲ್ಲ. ಕರಗು, ನಿನ್ನ ದಮ್ಮಯ್ಯ, ಕರಗು ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಅದು ಬಿಳಿಯಾಗಿ, ಚೌಕವಾಗಿ, ಹಠ ಹಿಡಿದು ಕೂತೇ ಇತ್ತು. ಬಿಸಿ ಇನ್ನೊಂದಿಷ್ಟು ಏರಿದ ಮೇಲೆ ನಡುವಿನದು, ಬಲದ್ದು ಎರಡೂ ಜೊತೆಯಲ್ಲೇ ಕುಸಿದವು.

"ತಪ್ಪಿನದು" ಎಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ. ಇನ್ನೊಮ್ಮೆ ಹೇಳಿದೆ.

ಮ್ಯಾನೇಜರ್ ಈಗ ಹಿಂದಿಯಲ್ಲೇ ಶುರು ಮಾಡಿದ, ನಮಗೆ ತಿಳಿಯಲಿ ಎಂದೇ ಇರಬೇಕು. "ನಾನು ಆವತ್ತೇ ಹೇಳಿದ್ದೆ. ಗಂಡ ಹೆಂಡತಿ ಸೇರಿ ಮಾಡಿದ ವ್ಯಾಪಾರ. ಇವನನ್ನು ಕಳಿಸಿಬಿಡಿ." ಗಂಡ ತಟ್ಟೆಯ ವಯರು ತೆಗೆದು ಸುತ್ತಿಡುತ್ತಿದ್ದರು. ಸುತ್ತಿದ್ದನ್ನು ಬಿಚ್ಚಿ ಮತ್ತೆ ಸುತ್ತಿದರು. ತಪ್ಪು ನಮ್ಮ ವರ್ಕ್‌ಶಾಪಿನದು, ಇವರದಲ್ಲ ಎಂದು ಹೇಳಿದೆ, ಯಾರೂ ಕೇಳಿದ ಹಾಗೆ ಕಾಣಲಿಲ್ಲ.

ಅರಬಾಬ್ ಕುರ್ಚಿ ಎಳೆದು ಕೂತರು. ಪಿಸ್ಟನನ್ನು ಕೈಯಲ್ಲಿ ಹಿಡಿದು, ಅಂಚನ್ನು ಹೆಬ್ಬೆರಳಿನಿಂದ ಉಜ್ಜಿ ನೋಡಿದರು. ಆಮೇಲೆ ನನ್ನನ್ನು ಕೇಳಿದರು.

"ಈ ಮನುಷ್ಯ ಇಲ್ಲಿ ಕೆಲಸಕ್ಕೆ ಇಲ್ಲದೇ ಇದ್ದಿದ್ದರೆ, ನೀನು ಇದನ್ನು ಹೇಳಲಿಕ್ಕೆ ಬರುತ್ತಿದ್ದೆಯಾ?"

ಬರುತ್ತಿದ್ದೆ, ಖಂಡಿತ ಬರುತ್ತಿದ್ದೆ ಎಂಬ ಮಾತು ನಾಲಗೆಯ ತುದಿಯಲ್ಲೇ ಇತ್ತು. ನಮ್ಮ ಕಂಪನಿ, ನಮ್ಮ ಕ್ವಾಲಿಟಿ ಎಂದು ಗಿರಾಕಿಗಳಿಗೆ ದಿನಾ ಹೇಳಿ ಅಭ್ಯಾಸವಾದ ಬಾಯಿ. ಅಷ್ಟು ಹೇಳಿದರೆ ಗಂಡನ ಕೆಲಸ ಉಳಿದೀತು ಎಂದೂ ಅನ್ನಿಸಿತು. ಆದರೆ ಬರ್ಕಾದ ಪಂಪು ನೆನಪಾಯಿತು. ಲಬಾನಿಗೆ ಎಚ್ ಬಂದಿದೆ ಎಂದರೆ ಸಿ ಅಲ್ಲಿಗೆ ಹೋಗಿದೆ. ಇಷ್ಟು ದಿನದಲ್ಲಿ, ಅನ್ನ ನೀರು ಬಿಟ್ಟು ಒದ್ದಾಡಿದ ಇಷ್ಟು ದಿನದಲ್ಲಿ, ಆ ಪಂಪಿನ ಯೋಚನೆ ನನಗೆ ಒಂದು ಸಲವೂ ಬಂದಿರಲಿಲ್ಲ.

"ಇಲ್ಲ" ಎಂದೆ.

ಗಂಡ ತಲೆಯೆತ್ತಿ ನನ್ನನ್ನು ನೋಡಿದರು.

"ಬರುತ್ತಿರಲಿಲ್ಲ ಅರಬಾಬ್. ಇನ್ನೊಂದು ರಾಡಿನಿಂದ ಬೇರೆಯವರ ಪಂಪಿಗೆ ಬುಶ್ ಹೋಗಿದೆ. ಅದೂ ಈಗ ತಪ್ಪೇ ಆಯಿತು. ಅವರಿಗೆ ನಾನು ಇನ್ನೂ ಒಂದು ಫೋನ್ ಕೂಡ ಮಾಡಿಲ್ಲ. ಅಲ್ಲಿ ನನ್ನವರು ಯಾರೂ ಇಲ್ಲ."

ಮ್ಯಾನೇಜರ್ ಕೈ ಚೆಲ್ಲಿ, ಕೇಳಿದಿರಲ್ಲ ಎನ್ನುವ ಹಾಗೆ ಚಿಕ್ಕಪ್ಪನ ಮುಖ ನೋಡಿದ. ಅರಬಾಬ್ ಅವನ ಕಡೆ ತಿರುಗಿ ಹಿಂದಿಯಲ್ಲೇ ಹೇಳಿದರು, "ಕೇಳಿದೆಯಾ? ಇವನನ್ನು ಕಳಿಸಿದರೆ ನಾಳೆ ನನಗೆ ಯಾರು ಬಂದು ಹೇಳುತ್ತಾರೆ?" ಆಮೇಲೆ ನನ್ನ ಕಡೆ ಕೋಲು ತೋರಿಸಿದರು. "ಇವನು ಈ ಮೆಷಿನಿನ ಎದುರು ನಿಂತಿರುವ ತನಕ ನಿನಗೆ ನಿದ್ದೆ ಬರುವುದಿಲ್ಲ. ನಿನಗೆ ಬರದಿದ್ದರೆ ನನಗೆ ಬರುತ್ತದೆ. ಇವನು ಇಲ್ಲೇ ಇರಲಿ. ಯಲ್ಲಾ, ಬೇಗ ಹೇಳು, ಹೊಸ ಪಿಸ್ಟನ್ ಯಾವಾಗ?"

ಸೋಮವಾರ ಎಂದೆ. ಅಲ್ಲಿಯ ತನಕ ಕೈಯಲ್ಲೇ ತುಂಬಿಸುತ್ತೇವೆ ಎಂದು ಗಂಡ ಹೇಳಿದರು. ಆ ಬೆಳಿಗ್ಗೆ ತುಂಬಿದ ಬಾಟಲಿಗಳನ್ನು ಲಾರಿಯಿಂದ ಇಳಿಸಲು ಅರಬಾಬ್ ಹೇಳಿದರು. ಅಂಗಡಿಗಳಿಗೆ ಹೋದದ್ದನ್ನೂ ವಾಪಸು ತರಿಸಿ ಎಂದು ಮ್ಯಾನೇಜರನ್ನೇ ಕಳಿಸಿದರು. ಅವನು ನನ್ನ ಮುಖ ನೋಡದೆ ಹೊರಟುಹೋದ.

ನಾನು ಹೊರಗೆ ಬಂದು ಗೋಡೆಗೆ ಒರಗಿದೆ. ಗಂಡನ ಕೆಲಸ ಉಳಿದದ್ದಕ್ಕೆ ಕಣ್ಣೀರು ತಾನಾಗಿ ಇಳಿಯಿತು. ಜೊತೆಯಲ್ಲೇ ಸಿಟ್ಟು. ಮನೆಯಲ್ಲಿ, ಆಫೀಸಿನಲ್ಲಿ ನಾನು ನ್ಯಾಯವಂತೆ ಎಂದು ಎದೆ ಸೆಟೆಸಿ ಬಂದಿದ್ದೆ. ಗುರುತು ಪರಿಚಯವಿಲ್ಲದ ಒಬ್ಬ ಮುದುಕ ಕೂತಲ್ಲೇ ನನ್ನನ್ನು ತೂಗಿ ಇಟ್ಟುಬಿಟ್ಟರಲ್ಲ.

ಗಂಡ ಬಂದು ಪಕ್ಕದಲ್ಲಿ ನಿಂತರು. ಸಮಾಧಾನ ಹೇಳುತ್ತಾರೆಂದುಕೊಂಡೆ.

"ಪಂಪಿನವರ ನಂಬರ್ ಉಂಟಾ?" ಎಂದು ಕೇಳಿದರು.

"ಉಂಟು. ಅಲ್ಲಿ ಸಿ ಹಾಕಿದ್ರೂ ದೊಡ್ಡ ತೊಂದರೆ ಆಗ್ಲಿಕ್ಕಿಲ್ಲ. ಸ್ವಲ್ಪ ಬೇಗ ಸವೀಬಹುದು, ಅಷ್ಟೇ."

"ಫೋನ್ ಮಾಡು."

ಮಾಡಿದೆ. ತುಂಬ ಹೊತ್ತು ರಿಂಗಾಗಿ, ಯಾರೋ ಎತ್ತಿಕೊಂಡರು. ಹಿಂದೆ ಪಂಪಿನ ಸದ್ದು ಎಷ್ಟು ಜೋರಾಗಿತ್ತೆಂದರೆ ಆ ಕಡೆಯ ಮನುಷ್ಯ ಕೂಗಿ ಮಾತಾಡಬೇಕಾಯಿತು. ನಾನೂ ಕೂಗಿ ಕಂಪನಿಯ ಹೆಸರು ಹೇಳಿ, ನಾವು ಕಳಿಸಿದ ಬುಶ್ ಹಾಕಿದ ಪಂಪಿನ ಹತ್ತಿರ ಯಾರು ಇರುತ್ತಾರೆ ಎಂದು ಹಿಂದಿಯಲ್ಲಿ ಕೇಳಿದೆ.

"ನಾನೇ ಮೇಡಂ, ಬೆಳಿಗ್ಗೆಯಿಂದ ಸಂಜೆ ತನಕ ನಾನೇ ಅದರ ಪಕ್ಕದಲ್ಲಿ ನಿಲ್ಲುವುದು. ಯಾಕೆ, ಏನಾಯ್ತು?"